ಹಾರಿಸೋದು ಸರಿ, ಇಳಿಸೋದು?

ವಿಮಾನದ ಚಕ್ರ ಹೊರಗೆ ಬರಲಿಲ್ಲ ಅಂದ್ರೆ ಅದು ಬ್ರೇಕಿಂಗ್ ನ್ಯೂಸ್. ಮೇಲೆ ವಿಮಾನ ಸುತ್ತು ಹಾಕುತ್ತಿರುತ್ತೆ, ಕೆಳಗೆ ಫೈರ್ ಇಂಜಿನ್‌ಗಳು ಸಾಲಾಗಿ ನಿಂತಿರುತ್ತವೆ, ಟಿವಿ ಪರದೆಯಲ್ಲಿ ಕೆಂಪು ಪಟ್ಟಿ ಓಡುತ್ತಿರುತ್ತೆ. ಆದರೆ ಇವತ್ತಿನ ಮಾತು ಇನ್ನೂರು ಜನ ಕೂರುವ ವಿಮಾನದ್ದಲ್ಲ. ಒಬ್ಬರೋ ಇಬ್ಬರೋ ಕೂರುವ, ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ವಿಮಾನದ್ದು.

ಹೌದು, ಅಮೆರಿಕದಲ್ಲಿ ಜನ ವಿಮಾನವನ್ನು ಮನೆಯಲ್ಲೇ ಕಟ್ಟುತ್ತಾರೆ. ಕಾನೂನಿನ ಪ್ರಕಾರವೇ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು, ಮತ್ತು 'ಎಕ್ಸ್‌ಪೆರಿಮೆಂಟಲ್' ಅಂತ ವಿಮಾನದ ಮೇಲೆ ಕಾಣುವ ಹಾಗೆ ಬರೆದಿರಬೇಕು.

ಇಂಥವುಗಳಲ್ಲಿ ಹೆಸರುವಾಸಿಯಾದದ್ದು ಬರ್ಟ್ ರುಟಾನ್ ವಿನ್ಯಾಸ ಮಾಡಿದ ಲಾಂಗ್-ಈಜೀ. ಫೋಮ್ ಮತ್ತು ಫೈಬರ್‌ಗ್ಲಾಸ್‌ನ ಮೈ, ಇಂಜಿನ್ ಹಿಂದೆ. ಸೀಟಿನಲ್ಲಿ ಯಾರೂ ಇಲ್ಲದಿದ್ದರೆ ಇಂಜಿನ್ ಭಾರಕ್ಕೆ ಹಿಂದಕ್ಕೆ ವಾಲಿಬಿಡುತ್ತೆ. ಅದಕ್ಕೇ ಮುಂದಿನ ಚಕ್ರ ಮಡಚಿ, ಮೂತಿಯನ್ನು ನೆಲಕ್ಕೆ ಊರಿ ನಿಲ್ಲಿಸುತ್ತಾರೆ. ಮೊಣಕಾಲೂರಿದ ಒಂಟೆಯ ಹಾಗೆ! ನಮ್ಮ ಬೆಂಗಳೂರಿಗೂ ಇದು ಹೊಸದಲ್ಲ. 1980ರ ದಶಕದಲ್ಲಿ ಇಲ್ಲಿನ ಎನ್‌ಎಎಲ್ ಇದೇ ವಿನ್ಯಾಸ ಇಟ್ಟುಕೊಂಡು ಒಂದು ಸಂಶೋಧನಾ ವಿಮಾನ ಕಟ್ಟಿ ಹಾರಿಸಿತ್ತು.

ಇದರಲ್ಲಿ ಮಡಚಿಕೊಳ್ಳೋದು ಮುಂದಿನ ಚಕ್ರ ಮಾತ್ರ. ಮೂಲ ವಿನ್ಯಾಸದಲ್ಲಿ ಅದನ್ನು ಇಳಿಸಲು ಪೈಲಟ್ ಕೈಯಲ್ಲೇ ಹಿಡಿಕೆ ತಿರುಗಿಸಬೇಕು. ಮರೆತರೆ ಮೂತಿ ರನ್‌ವೇಗೆ ಉಜ್ಜುತ್ತೆ, ಫೈಬರ್‌ಗ್ಲಾಸ್ ಸವೆಯುತ್ತೆ, ಸಾಮಾನ್ಯವಾಗಿ ಪೈಲಟ್ ಎದ್ದು ನಡೆದು ಬರುತ್ತಾನೆ. ವಿಡಿಯೊ ವೈರಲ್ ಆಗುತ್ತೆ, ಅಷ್ಟೆ.

ನನಗೆ ಭಯ ಹುಟ್ಟಿಸೋದು ವಿಡಿಯೊದಲ್ಲಿ ಕಾಣದ ತೊಂದರೆ. ಈ ವಿಮಾನದ ಮುಂದಿನ ಚಕ್ರಕ್ಕೆ ಸ್ಟೀರಿಂಗ್ ಇಲ್ಲ. ನೆಲದ ಮೇಲೆ ನಿಧಾನವಾಗಿ ಹೋಗುವಾಗ ತಿರುಗಬೇಕಾದರೆ ಒಂದು ಕಡೆಯ ಬ್ರೇಕ್ ಒತ್ತಬೇಕು. ಅಡ್ಡಗಾಳಿ ಇದ್ದರೆ ಒತ್ತುತ್ತಲೇ ಇರಬೇಕು. ಬ್ರೇಕ್ ಕಾಯುತ್ತೆ. ಪಕ್ಕದಲ್ಲಿರೋದು ಫೈಬರ್‌ಗ್ಲಾಸ್ ಕಾಲು. ಬಿಸಿ ತಗುಲಿದರೆ ಅದರೊಳಗಿನ ರಾಳ ಮೆತ್ತಗಾಗುತ್ತೆ ಅನ್ನೋದು ಇಂಜಿನಿಯರಿಂಗ್ ಓದಿದ ಯಾರಿಗಾದರೂ ಗೊತ್ತು. ಚಕ್ರ ಒಂಚೂರು ಓರೆಯಾದರೂ ಹೊರಗೆ ಕಾಣೋದಿಲ್ಲ. ಮುಂದಿನ ಸಲ ಇಳಿಯುವಾಗ ಗೊತ್ತಾಗುತ್ತೆ! ಬ್ರೇಕಿಗೂ ಕಾಲಿಗೂ ನಡುವೆ ಬಿಸಿ ತಡೆಯುವ ಒಂದು ಹೊದಿಕೆ ಹಾಕಿದರೆ ಆಯ್ತು. ಆದರೆ ಹಾಕಬೇಕು ಅಂತ ಹೇಳುವವರು ಬೇಕಲ್ಲ?

ಇನ್ನೊಂದು, ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳು. ಇವುಗಳ ಮೂರು ಚಕ್ರದ ಮಾದರಿಗಳಲ್ಲಿ ಮುಂದಿನ ಚಕ್ರ ಉಕ್ಕಿನ ಸಪೂರ ಕಾಲಿನ ತುದಿಯಲ್ಲಿತ್ತು. ಹುಲ್ಲಿನ ರನ್‌ವೇ, ಒಂದು ಸಣ್ಣ ಹೊಂಡ. ಚಕ್ರ ಹಿಡಿದ ಫೋರ್ಕ್‌ನ ಭಾಗ ನೆಲಕ್ಕೆ ನಾಟಿದರೆ ಕಾಲು ಹಿಂದಕ್ಕೆ ಬಾಗಿ ವಿಮಾನ ಪಲ್ಟಿ. ತಲೆಕೆಳಗಾಗಿ ನೇತಾಡುವ ಪೈಲಟ್, ನೆಲಕ್ಕೆ ಒತ್ತಿಕೊಂಡು ತೆರೆಯದ ಗಾಜಿನ ಮುಚ್ಚಳ. ಕೊನೆಗೆ ಕಂಪನಿ ಫೋರ್ಕ್ ಬದಲಿಸಿ ನೆಲದಿಂದ ಅಂತರ ಹೆಚ್ಚಿಸಿತು.

ಹಾಗಂತ ಜನ ಸಾಯೋದೆಲ್ಲ ಚಕ್ರದಿಂದಲೇ ಅಂತ ಹೇಳಿದರೆ ಸುಳ್ಳಾಗುತ್ತೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಕೊಟ್ಟ ವರದಿಯಲ್ಲಿ ಮುಂದೆ ಇರೋದು ಇಂಜಿನ್ ಕೈಕೊಡೋದು ಮತ್ತು ಹಾರಾಟದಲ್ಲಿ ನಿಯಂತ್ರಣ ತಪ್ಪೋದು. ಅದೇ ವರದಿಯ ಇನ್ನೊಂದು ಮಾತು ಕೇಳಿ. 2011ರ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆದದ್ದು ಸೆಕೆಂಡ್ ಹ್ಯಾಂಡ್ ಕೊಂಡ ವಿಮಾನಗಳಲ್ಲಿ! ಕಟ್ಟಿದವನಿಗೆ ಒಂದೊಂದು ನಟ್ಟೂ ಗೊತ್ತು. ಕೊಂಡವನಿಗೆ ಬಣ್ಣ ಮಾತ್ರ ಗೊತ್ತು. ಗಾಯಕ ಜಾನ್ ಡೆನ್ವರ್ 1997ರಲ್ಲಿ ಸತ್ತದ್ದು ಹೀಗೆ ಕೊಂಡ ಲಾಂಗ್-ಈಜೀಯಲ್ಲಿ. ಅಲ್ಲಿ ಚಕ್ರದ ಸಮಸ್ಯೆ ಇರಲಿಲ್ಲ. ಇಂಧನ ಟ್ಯಾಂಕ್ ಬದಲಿಸುವ ಹಿಡಿಕೆಯನ್ನು ಕಟ್ಟಿದವರು ಮೂಲ ನಕ್ಷೆ ಬಿಟ್ಟು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು.

ಈಗ ನಮ್ಮ ಕಡೆ ಬನ್ನಿ. ಹಳ್ಳಿ ಹುಡುಗನೊಬ್ಬ ಹಳೇ ಇಂಜಿನ್ ಜೋಡಿಸಿ ಹಾರುವ ಯಂತ್ರ ಮಾಡಿದ ಅಂದ್ರೆ ದೇಶವೇ ಶಭಾಷ್ ಅನ್ನುತ್ತೆ. ಅನ್ನಲೇಬೇಕು, ಆ ಹುಮ್ಮಸ್ಸು ಸಣ್ಣದಲ್ಲ. ಆದರೆ 2021ರಲ್ಲಿ ಮಹಾರಾಷ್ಟ್ರದ ಒಬ್ಬ ಯುವಕ, ತಾನೇ ಕಟ್ಟಿದ ಹೆಲಿಕಾಪ್ಟರ್ ಪರೀಕ್ಷೆ ಮಾಡುವಾಗ ಬ್ಲೇಡ್ ಮುರಿದು ಪ್ರಾಣ ಬಿಟ್ಟ. ವಿನ್ಯಾಸ ಅವನದೇ, ಬೆಸುಗೆ ಅವನದೇ, ಪರೀಕ್ಷೆಯೂ ಅವನದೇ. ತಪ್ಪು ಕಂಡುಹಿಡಿಯೋಕೆ ಇನ್ನೊಂದು ಜೊತೆ ಕಣ್ಣು ಎಲ್ಲಿತ್ತು?

ಅಮೆರಿಕದ ಹವ್ಯಾಸಿಗಳ ಸಂಘ ಇಎಎಯಲ್ಲಿ ಟೆಕ್ನಿಕಲ್ ಕೌನ್ಸಿಲರ್‌ಗಳಿದ್ದಾರೆ. ಅನುಭವಸ್ಥರು. ಕಾಸು ತಗೊಳ್ಳದೆ ಮನೆಗೇ ಬಂದು, ಅರ್ಧ ಕಟ್ಟಿದ ವಿಮಾನ ನೋಡಿ, ಇದು ಸರಿಯಿಲ್ಲ ಬಿಚ್ಚು ಅಂತಾರೆ. ಎಚ್‌ಎಎಲ್, ಎನ್‌ಎಎಲ್ ನಿವೃತ್ತರು ತುಂಬಿರುವ ಬೆಂಗಳೂರಿಗೆ ಇದು ಕಷ್ಟವಾ? ಮುಂದಿನ ಸಲ ಇಂಥ ಹುಡುಗನ ಮುಂದೆ ಮೈಕ್ ಹಿಡಿದವರು, ಎಷ್ಟು ಎತ್ತರ ಹಾರುತ್ತೆ ಅಂತ ಆಮೇಲೆ ಕೇಳಲಿ. ಮೊದಲು ಕೇಳಬೇಕಾದ್ದು, ಈ ಬೆಸುಗೆಯನ್ನ, ಈ ಚಕ್ರವನ್ನ ನಿನ್ನ ಬಿಟ್ಟು ಇನ್ಯಾರು ನೋಡಿದ್ದಾರಪ್ಪಾ ಅಂತ.