ರಿಪೋರ್ಟ್ ನಾರ್ಮಲ್, ನೋವು ನಿಜ



ಆರೋಗ್ಯದ ಬಗ್ಗೆ ಮಾತಾಡಲು ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ನನ್ನು ಯಾಕೆ ಕರೆದರು ಎಂದು ನಿಮಗೆ ಅನ್ನಿಸಿರಬಹುದು. ಈ ಸಭೆಯಲ್ಲೇ ಎಷ್ಟೋ ಜನ ಡಾಕ್ಟರುಗಳಿದ್ದೀರಿ. ನಾನು ಇಲ್ಲಿ ನಿಂತಿರುವುದು ಪೇಷಂಟ್ ಆಗಿ.

ನಾಲ್ಕು ವರ್ಷದ ಹಿಂದಿನ ಜನವರಿ. ಈ ದೇಶದಲ್ಲಿ ನಮ್ಮ ಕಸುಬಿನವರಿಗೆ ಜನವರಿ ಅಂದರೆ ಗೊತ್ತಲ್ಲ, 31ರೊಳಗೆ ಎಲ್ಲರ ಸೆಲ್ಫ್ ಅಸೆಸ್‌ಮೆಂಟ್ ರಿಟರ್ನ್ ಹೋಗಬೇಕು. ಒಂದು ರಾತ್ರಿ ಎದೆ ಹಿಂಡಿದ ಹಾಗಾಯಿತು, ಬೆರಳುಗಳು ಜುಮ್ಮೆಂದವು. 999ಕ್ಕೆ ಫೋನ್ ಮಾಡಿದೆವು. ಇ.ಸಿ.ಜಿ., ರಕ್ತಪರೀಕ್ಷೆ ಎಲ್ಲ ಸರಿ ಇತ್ತು. ಮುಂದಿನ ಎಂಟು ತಿಂಗಳಲ್ಲಿ ಇನ್ನೂ ಮೂರು ಸಲ ಎಮರ್ಜೆನ್ಸಿಗೆ ಹೋದೆ. ಎಕೋ, ಸ್ಕ್ಯಾನ್, ಎಂಡೋಸ್ಕೋಪಿ, ಎಲ್ಲವೂ ನಾರ್ಮಲ್. ಕೊನೆಯ ಸಲ ಡ್ಯೂಟಿ ಡಾಕ್ಟರ್ "ನಿಮಗೇನೂ ಆಗಿಲ್ಲ" ಅಂದರು. ಸಮಾಧಾನ ಆಗಬೇಕಿತ್ತು, ಅವಮಾನ ಆಯಿತು. ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗನ ಹಾಗೆ ಮನೆಗೆ ಬಂದೆ.

ನಮ್ಮ ಜಿ.ಪಿ. ಥೆರಪಿಸ್ಟ್ ಹತ್ತಿರ ಹೋಗಿ ನೋಡಿ ಅಂದಾಗ "ನನಗೇನು ಹುಚ್ಚೇ?" ಎಂದು ಸಿಟ್ಟಾದೆ. ನನ್ನ ಹೆಂಡತಿ, "ಒಂದ್ಸಲ ಹೋಗಿ ಬನ್ನಿ, ಅಲ್ಲಂತೂ ಸೂಜಿ ಚುಚ್ಚಲ್ಲ" ಅಂದಳು. ಅವಳ ಮಾತಿಗೆ ಹೋದೆ.

ನನ್ನಂಥವರು ಅಪರೂಪವಲ್ಲ ಎಂದು ಆಮೇಲೆ ತಿಳಿಯಿತು. ಅಮೆರಿಕದಲ್ಲಿ 1989ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನ 1,000 ರೋಗಿಗಳ ದಾಖಲೆಗಳನ್ನು ನೋಡಿತ್ತು. ಎದೆನೋವು, ಸುಸ್ತು, ತಲೆಸುತ್ತು, ತಲೆನೋವು, ಬೆನ್ನುನೋವು ಇಂಥ 14 ಸಾಮಾನ್ಯ ತೊಂದರೆಗಳಲ್ಲಿ ದೇಹದ ಕಾಯಿಲೆಯೇ ಕಾರಣ ಎಂದು ತೋರಿಸಲು ಸಾಧ್ಯವಾಗಿದ್ದು ಶೇ. 16ರಷ್ಟರಲ್ಲಿ ಮಾತ್ರ.

ಹಾಗಾದರೆ ಉಳಿದವರದ್ದು ನಾಟಕವೇ? ನನ್ನ ಕಸುಬಿನ ಭಾಷೆಯಲ್ಲಿ ಹೇಳುತ್ತೇನೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಇಡುತ್ತೇವೆ. ಅಂದರೆ ಮೂಲ ಇನ್ನೂ ಸಿಕ್ಕಿಲ್ಲ ಎಂದು ಅರ್ಥ. ವ್ಯತ್ಯಾಸವೇ ಇಲ್ಲ ಎಂದು ಯಾವ ಆಡಿಟರೂ ಬರೆಯುವುದಿಲ್ಲ. ಕಾರಣ ಸಿಗದ ನೋವೂ ಹಾಗೆಯೇ. ವೈದ್ಯಲೋಕವೂ ಈ ಕಡೆಗೆ ಬಂದಿದೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿ.ಎಸ್.ಎಂ.-5, 2013ರಲ್ಲಿ ಈ ಗುಂಪಿನ ಮುಖ್ಯ ಕಾಯಿಲೆಯ ವ್ಯಾಖ್ಯೆಯಿಂದ "ವೈದ್ಯಕೀಯ ಕಾರಣ ಸಿಕ್ಕಿರಬಾರದು" ಎಂಬ ಷರತ್ತನ್ನು ತೆಗೆಯಿತು. ಆ ತೊಂದರೆ ಮನುಷ್ಯನ ಯೋಚನೆಯನ್ನು, ಸಮಯವನ್ನು, ದಿನಚರಿಯನ್ನು ಎಷ್ಟು ನುಂಗಿದೆ ಎಂಬುದೇ ಈಗ ಮುಖ್ಯ.

ಥೆರಪಿಸ್ಟ್ ಮೊದಲ ದಿನ ನನ್ನ ಬಾಲ್ಯವನ್ನು ಕೆದಕುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ನೋವಿನ ಬಗ್ಗೆ. ಎಲ್ಲಿ, ಹೇಗೆ, ಎಷ್ಟು ಹೊತ್ತು, ನೋವು ಬಂದಾಗ ಏನು ಮಾಡುತ್ತೀರಿ. ಮುಕ್ಕಾಲು ಗಂಟೆ ಕೇಳಿ, "ನಿಮ್ಮ ನೋವು ನಿಜ. ಅದು ಶುರುವಾದದ್ದು ಯಾಕೆ ಎಂದು ನಮಗೆ ಕೊನೆಗೂ ಗೊತ್ತಾಗದೆ ಇರಬಹುದು. ಅದು ನಿಲ್ಲದ ಹಾಗೆ ಏನು ಹಿಡಿದಿಟ್ಟಿದೆ ಎಂದು ನೋಡೋಣ" ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಎಂಟು ತಿಂಗಳಲ್ಲಿ ಯಾರೂ ಹೇಳದ ಮಾತು ಅದು.

ಆಮೇಲೆ ಡೈರಿ ಬರೆಸಿದರು. ನೋವು ಬಂದ ಹೊತ್ತು, ಆಗ ಮಾಡುತ್ತಿದ್ದ ಕೆಲಸ, ತಲೆಗೆ ಬಂದ ಯೋಚನೆ, ಅದಕ್ಕೆ ನಾನು ಮಾಡಿದ್ದು. ಮೂರು ವಾರಕ್ಕೆ ಲೆಡ್ಜರ್ ತಾನೇ ಮಾತಾಡಿತು. ದಿನಕ್ಕೆ ಹತ್ತಿಪ್ಪತ್ತು ಸಲ ನಾಡಿ ಹಿಡಿದು ನೋಡುತ್ತಿದ್ದೆ. ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿಯುತ್ತಿದ್ದೆ. ಭಾನುವಾರ ಊರಿಗೆ ಫೋನ್ ಮಾಡಿದ ಮೇಲೆ ನೋವು ಜಾಸ್ತಿ. ಹಿಂದಿನ ವರ್ಷ ಅಪ್ಪ ಹಾರ್ಟ್ ಅಟ್ಯಾಕ್ ಆಗಿ ಹೋಗಿದ್ದರು, ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. "ದುಃಖವೇ ನೋವಿಗೆ ಕಾರಣ ಎಂದು ನಾನು ಹೇಳುತ್ತಿಲ್ಲ, ಎರಡೂ ಒಂದೇ ಹೊತ್ತಿಗೆ ಬರುತ್ತಿವೆ ಎಂದಷ್ಟೇ ನೋಡಿ" ಅಂದರು.

ಒಂದು ದಿನ ಕುರ್ಚಿಯಲ್ಲಿ ಕೂರಿಸಿ ಎರಡು ನಿಮಿಷ ಜೋರಾಗಿ ಉಸಿರಾಡಿಸಿದರು. ಅದೇ ಜುಮ್ಮು, ಅದೇ ಎದೆಬಿಗಿತ! ಗಾಬರಿಯಲ್ಲಿ ಉಸಿರು ಹೆಚ್ಚಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಜುಮ್ಮು ಬರುತ್ತದೆ, ಜುಮ್ಮು ಕಂಡು ಗಾಬರಿ ಇನ್ನೂ ಏರುತ್ತದೆ. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ನನ್ನ ಮೈಯಲ್ಲೇ ನೋಡಿದ್ದು ಬೇರೆ. ಇಂಥ ಪ್ರಯೋಗ ಮಾಡುವ ಮೊದಲು ಹೃದಯ ಸರಿಯಿದೆ ಎಂದು ಡಾಕ್ಟರ್ ಖಚಿತಪಡಿಸಿರಬೇಕು. ಮನೆಯಲ್ಲಿ ನೀವೇ ಮಾಡಿ ನೋಡಬೇಡಿ. ಆಮೇಲೆ ನಾಡಿ ನೋಡುವುದನ್ನು ಕಡಿಮೆ ಮಾಡಿದ್ದು, ಒಂದೊಂದೇ ಮಹಡಿ ಹತ್ತಿದ್ದು, ಎಲ್ಲ ನಿಧಾನಕ್ಕೆ. ಒಟ್ಟು 12 ಸಲ ಹೋದೆ.

ನಾನು ಎದೆ ಹಿಂಡುತ್ತದೆ ಅಂದಾಗ, ನಿಮ್ಮ ಭಾಷೆಯಲ್ಲಿ ಅದಕ್ಕೆ ಏನು ಹೇಳುತ್ತೀರಿ ಎಂದು ಅವರು ಕೇಳಿದ್ದರು. ಕನ್ನಡದಲ್ಲಿ ನೋವಿಗೂ ದುಃಖಕ್ಕೂ ಅದೇ ಮಾತು ಅಂದೆ. ನಮ್ಮಲ್ಲಿ ಅಸೂಯೆಗೆ ಹೊಟ್ಟೆ ಉರಿಯುತ್ತದೆ, ಅಯ್ಯೋ ಅನ್ನಿಸಿದರೆ ಕರುಳು ಚುರುಕ್ ಅನ್ನುತ್ತದೆ, ಚಿಂತೆಯಾದರೆ ತಲೆ ಬಿಸಿಯಾಗುತ್ತದೆ.

ಇದರಲ್ಲಿ ಭಾಷೆಯ ಜೊತೆಗೆ ಮರ್ಯಾದೆಯ ಪ್ರಶ್ನೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ಕಳಂಕದ ಭಯ ಹೆಚ್ಚಿತ್ತು, ಮೈನೋವಿನಂಥ ಲಕ್ಷಣ ಹೆಚ್ಚಿದ್ದವರಲ್ಲಿ ಕಡಿಮೆಯಿತ್ತು. ಮೈಕೈ ನೋವು ಯಾರಿಗೂ ಬರುತ್ತದೆ. ಮನಸ್ಸು ಸರಿಯಿಲ್ಲ ಅಂದರೆ ಮಗಳ ಮದುವೆ ಮಾತು ನಿಂತುಹೋದೀತು! ವೀಸಾ, ಕೆಲಸ, ಇ.ಎಂ.ಐ. ನಡುವೆ ಬದುಕುವ ನಮಗೂ ಇದು ಹೊಸದಲ್ಲ.

ಕೊನೆಗೆ ಮೂರು ಮಾತು. ಒಂದು, ಪರೀಕ್ಷೆ ಮಾಡಿಸಿ. ಥೆರಪಿ ಅದಕ್ಕೆ ಬದಲಿಯಲ್ಲ, ಹೊಸ ಲಕ್ಷಣ ಕಂಡರೆ ಮತ್ತೆ ಡಾಕ್ಟರ್ ಹತ್ತಿರವೇ ಹೋಗಿ. ಎರಡು, ಇಂಗ್ಲೆಂಡಿನಲ್ಲಿ ಎನ್.ಎಚ್.ಎಸ್. ಟಾಕಿಂಗ್ ಥೆರಪೀಸ್‌ಗೆ ಜಿ.ಪಿ. ಚೀಟಿ ಇಲ್ಲದೆ ನೀವೇ ಅರ್ಜಿ ಹಾಕಬಹುದು, ದುಡ್ಡಿಲ್ಲ. ಊರಲ್ಲಿರುವ ಅಪ್ಪ ಅಮ್ಮಂದಿರಿಗೆ 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಮೂರು, ಮನೆಯಲ್ಲಿ ಯಾರಾದರೂ ನೋವು ಅಂದರೆ "ರಿಪೋರ್ಟ್ ನಾರ್ಮಲ್ ಬಂದಿದೆಯಲ್ಲ" ಎಂದು ಬಾಯಿ ಮುಚ್ಚಿಸಬೇಡಿ. "ಯಾವಾಗ ಬರುತ್ತೆ, ಹೇಳು" ಎಂದು ಪಕ್ಕದಲ್ಲಿ ಕೂತುಕೊಳ್ಳಿ.

ನನ್ನ ನೋವು ಪೂರ್ತಿ ಹೋಗಿಲ್ಲ. ಜನವರಿಯಲ್ಲಿ ಒಮ್ಮೊಮ್ಮೆ ಬಂದು ಮಾತಾಡಿಸಿಕೊಂಡು ಹೋಗುತ್ತದೆ. ಆದರೆ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಈಗ ಅಪ್ಪನ ಬಗ್ಗೆಯೂ ಮಾತಾಡುತ್ತೇವೆ. ಇವತ್ತು ಈ ಹಾಲಿಗೆ ಮೆಟ್ಟಿಲು ಹತ್ತಿಕೊಂಡೇ ಬಂದೆ.