ಸಂತೆಯ ಮಳಿಗೆಗೆ ಯಾವ ಕಾರ್ಡ್ ಮಷಿನ್?

ಇವತ್ತಿನ ಮಾತು ಕರಕುಶಲ ಮೇಳಗಳಲ್ಲಿ ಮಳಿಗೆ ಹಾಕೋರಿಗೆ. ಬಿದರಿ ಸಾಮಾನು, ಇಳಕಲ್ ಸೀರೆ, ಟೆರಾಕೋಟಾ ಒಡವೆ, ಏನೇ ಮಾರಿ, ದಿನಕ್ಕೆ ನಾಲ್ಕು ಜನವಾದರೂ ಕೇಳ್ತಾರೆ: ‘ಕಾರ್ಡ್ ತಗೋತೀರಾ?’ ಹೌದು ಅನ್ನೋಕೆ ಯಾವ ಕಂಪನಿಯ ಸೇವೆ ಆರಿಸಿಕೊಳ್ಳಬೇಕು? ನಾನು ಮೇಳಗಳಲ್ಲಿ ಚನ್ನಪಟ್ಟಣದ ಗೊಂಬೆ ಮಾರ್ತೀನಿ. ನನ್ನ ಲೆಕ್ಕದ ಪುಸ್ತಕದಿಂದ ಕಲಿತದ್ದನ್ನು ಹೇಳ್ತೀನಿ.

ಮೊದಲನೇ ಪ್ರಶ್ನೆ, ಕಾರ್ಡ್ ಬೇಕೇ ಬೇಕಾ? ನೂರೈವತ್ತು ರೂಪಾಯಿಯ ಗಿಲಕಿಗೆ ಯಾರೂ ಕಾರ್ಡ್ ತೆಗೆಯಲ್ಲ, ಕ್ಯೂಆರ್ ಸ್ಕ್ಯಾನ್ ಮಾಡ್ತಾರೆ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ, ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿಯಿಂದ ವ್ಯಾಪಾರಿಗೆ ಎಂಡಿಆರ್ ಇಲ್ಲ. ಎಂಡಿಆರ್ ಅಂದರೆ ಪ್ರತಿ ಪಾವತಿಯಲ್ಲಿ ಬ್ಯಾಂಕು ಮತ್ತು ಕಾರ್ಡ್ ಕಂಪನಿಗಳು ನಮ್ಮಿಂದ ಹಿಡಿದುಕೊಳ್ಳುವ ಪಾಲು. ಸಣ್ಣ ಸಾಮಾನು ಮಾತ್ರ ಮಾರುವವರಿಗೆ ಕ್ಯೂಆರ್ ಹಾಳೆಯೊಂದೇ ಸಾಕು.

ಕಾರ್ಡ್ ಬೇಕಾಗೋದು ದೊಡ್ಡ ವ್ಯಾಪಾರಕ್ಕೆ. ಏಳು ಸಾವಿರದ ತೂಗುಕುದುರೆ ಮೆಚ್ಚಿದವರ ಖಾತೆಯಲ್ಲಿ ತಿಂಗಳ ಕೊನೆಗೆ ಅಷ್ಟು ಹಣ ಇಲ್ಲದಿರಬಹುದು, ಕ್ರೆಡಿಟ್ ಕಾರ್ಡ್ ಇರುತ್ತೆ. ವಿದೇಶದಿಂದ ಬಂದವರಲ್ಲಿ ಹೆಚ್ಚಿನವರ ಕೈಯಲ್ಲಿರೋದೂ ಕಾರ್ಡೇ. ‘ಆಮೇಲೆ ಬರ್ತೀವಿ’ ಅಂತ ಹೋದವರು ಸಂತೆಯಲ್ಲಿ ತಿರುಗಿ ಬರೋದು ಅಪರೂಪ.

ಈಗ ಖರ್ಚಿನ ಮಾತು. ಮಷಿನ್ ಮಾರೋಕೆ ಬರುವವರು ಮೊದಲು ಹೇಳೋದು ಶೇಕಡಾವಾರು. ‘ಬೇರೆಯವರದ್ದು ಎರಡೂವರೆ ಸರ್, ನಮ್ಮದು ಎರಡೇ.’ ವರ್ಷವಿಡೀ ಬಾಗಿಲು ತೆರೆದಿರುವ ಅಂಗಡಿಗೆ ಅದು ಸರಿಯಾದ ಲೆಕ್ಕ. ವರ್ಷದಲ್ಲಿ ಐದಾರು ಮೇಳ ಮಾಡುವ ನಮಗೆ ಮುಖ್ಯವಾದದ್ದು ತಿಂಗಳ ಬಾಡಿಗೆ.

ಒಂದು ಉದಾಹರಣೆ ತಗೊಳ್ಳಿ. ಬಾಡಿಗೆ ತಿಂಗಳಿಗೆ 400 ರೂಪಾಯಿ, ಎಂಡಿಆರ್ ಶೇ 2. ನಿಮ್ಮ ಕಾರ್ಡ್ ವ್ಯಾಪಾರ ವರ್ಷಕ್ಕೆ 60,000. ಬಾಡಿಗೆ 4,800, ಎಂಡಿಆರ್ 1,200, ಒಟ್ಟು 6,000. ಅಂದರೆ ನೂರಕ್ಕೆ ಹತ್ತು ರೂಪಾಯಿ ಹೋಯ್ತು! ಬಾಡಿಗೆಯೇ ಇಲ್ಲದೆ ಶೇ 2.5 ಹಿಡಿಯುವ ಸೇವೆಗೆ ಅಷ್ಟೇ ವ್ಯಾಪಾರದಲ್ಲಿ ಹೋಗೋದು 1,500. ಜಿಎಸ್‌ಟಿ ಎರಡಕ್ಕೂ ಬೇರೆ. ಬಾಡಿಗೆಯ ಮಷಿನ್ ಅಗ್ಗ ಅನಿಸಬೇಕಾದರೆ ವರ್ಷಕ್ಕೆ 9,60,000 ರೂಪಾಯಿಗಿಂತ ಹೆಚ್ಚು ಕಾರ್ಡ್ ವ್ಯಾಪಾರ ಆಗಬೇಕು. ಕೈಯಲ್ಲಿ ಗೊಂಬೆ ಮಾಡಿ ಮಾರುವ ಎಷ್ಟು ಜನಕ್ಕೆ ಅಷ್ಟು ಆಗುತ್ತೆ?

ಬಾಡಿಗೆ ಬೇಡ ಅನ್ನೋರಿಗೆ ಫೋನೇ ಮಷಿನ್ ಆಗುವ ಸೇವೆಗಳಿವೆ. ಎನ್‌ಎಫ್‌ಸಿ ಇರುವ ಆಂಡ್ರಾಯ್ಡ್ ಫೋನಿಗೆ ಗ್ರಾಹಕರು ಕಾರ್ಡ್ ತಾಗಿಸಿದರೆ ಆಯ್ತು. 5,000 ರೂಪಾಯಿವರೆಗೆ ತಾಗಿಸೋಕೆ ಪಿನ್ ಬೇಕಾಗಿಲ್ಲ. ಅದಕ್ಕಿಂತ ದೊಡ್ಡ ಮೊತ್ತಕ್ಕೆ ಫೋನಿನಲ್ಲೇ ಪಿನ್ ಒತ್ತುವ ವ್ಯವಸ್ಥೆ ಇದೆಯಾ ಅಂತ ಮೊದಲೇ ಕೇಳಿ. ನಿಮ್ಮ ದೊಡ್ಡ ಸಾಮಾನುಗಳೇ ಆ ಮಿತಿ ದಾಟುತ್ತವೆ.

ದರದಲ್ಲೂ ಎಲ್ಲಾ ಕಾರ್ಡ್ ಒಂದೇ ಅಲ್ಲ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರುವ ವ್ಯಾಪಾರಿಗೆ, ಮಷಿನ್‌ನಲ್ಲಿ ಉಜ್ಜುವ ಡೆಬಿಟ್ ಕಾರ್ಡಿನ ಎಂಡಿಆರ್ ಶೇ 0.40 ಮೀರಬಾರದು ಅಂತ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ಏಳು ಸಾವಿರಕ್ಕೆ 28 ರೂಪಾಯಿ. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ. ಶೇ 2ರ ಲೆಕ್ಕದಲ್ಲಿ 140, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 165 ರೂಪಾಯಿ 20 ಪೈಸೆ. ಆದ್ದರಿಂದ ‘ಎಲ್ಲಾ ಕಾರ್ಡಿಗೂ ಒಂದೇ ರೇಟು’ ಅಂದರೆ ಒಪ್ಪಬೇಡಿ. ಡೆಬಿಟ್, ಕ್ರೆಡಿಟ್, ವಿದೇಶಿ ಕಾರ್ಡ್, ಮೂರಕ್ಕೂ ಬೇರೆ ಬೇರೆ ದರ ಬರೆಸಿಕೊಳ್ಳಿ. ಡೆಬಿಟ್ ಕಾರ್ಡಿನ ಶುಲ್ಕವನ್ನು ಗ್ರಾಹಕರ ತಲೆ ಮೇಲೆ ಹಾಕುವ ಹಾಗಿಲ್ಲ, ಇದೂ ನೆನಪಿರಲಿ.

ಸಹಿ ಹಾಕುವ ಮೊದಲು ಇನ್ನೂ ನಾಲ್ಕು ವಿಷಯ ಕೇಳಿ. ಒಂದು, ನಡುವೆ ಮಷಿನ್ ವಾಪಸ್ ಕೊಟ್ಟರೆ ದಂಡ ಇದೆಯಾ? ನನ್ನ ಪರಿಚಯದ ಬಳೆ ವ್ಯಾಪಾರಿಯೊಬ್ಬರು ಮಷಿನ್ ಮುಟ್ಟದ ಏಳು ತಿಂಗಳಿಗೂ ಬಾಡಿಗೆ ಕಟ್ಟಿದ್ದಾರೆ. ಎರಡು, ಹಣ ಖಾತೆಗೆ ಯಾವಾಗ ಬರುತ್ತೆ? ಚಿತ್ರಸಂತೆ ನಡೆಯೋದು ಭಾನುವಾರ, ಸೋಮವಾರ ಬೆಳಿಗ್ಗೆ ಸಾಮಾನು ತಂದವರಿಗೆ ದುಡ್ಡು ಕೊಡಬೇಕಲ್ಲ? ಮೂರು, ವಿದೇಶಿ ಕಾರ್ಡ್ ನಡೆಯುತ್ತಾ? ಕೆಲವು ಕಡೆ ಅದನ್ನು ಬೇರೆಯಾಗಿ ಚಾಲೂ ಮಾಡಿಸಬೇಕು. ನಾಲ್ಕು, ನೆಟ್‌ವರ್ಕ್. ಕುಮಾರಕೃಪಾ ರಸ್ತೆ ಜನರಿಂದ ತುಂಬಿದಾಗ ಮಧ್ಯಾಹ್ನ ಸಿಗ್ನಲ್ ಸತ್ತೇ ಹೋಗುತ್ತೆ. ಮಷಿನ್‌ನ ಸಿಮ್ ಒಂದು ಕಂಪನಿಯದ್ದು, ನಿಮ್ಮ ಫೋನಿನದ್ದು ಇನ್ನೊಂದರದ್ದು ಇದ್ದರೆ, ಒಂದು ಕೈಕೊಟ್ಟಾಗ ಹಾಟ್‌ಸ್ಪಾಟ್‌ನಿಂದ ಕೆಲಸ ನಡೆಯುತ್ತೆ.

ಕೊನೆಯದಾಗಿ ಖಾತೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ಯುಪಿಐ ಇಲ್ಲ’ ಅನ್ನೋ ಬೋರ್ಡ್ ಬಿತ್ತು. ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು, ನಗದೂ ಅದರಲ್ಲಿ ಸೇರುತ್ತೆ. ಹೆದರಿ ಬೋರ್ಡ್ ಹಾಕೋದಕ್ಕಿಂತ ವ್ಯಾಪಾರಕ್ಕೆ ಒಂದು ಪ್ರತ್ಯೇಕ ಖಾತೆ ಇಡಿ. ಮಗಳು ಕಳಿಸಿದ ಹಣ, ಚೀಟಿ ದುಡ್ಡು ಅದಕ್ಕೆ ಬರದಿರಲಿ. ಯಾರು ಕೇಳಿದರೂ ತೋರಿಸಬಹುದು.

ಮುಂದಿನ ಮೇಳಕ್ಕೆ ಮುಂಚೆ ಒಂದು ಕೆಲಸ ಮಾಡಿ. ಹೋದ ವರ್ಷ ಎಷ್ಟು ದಿನ ಮಳಿಗೆ ಹಾಕಿದ್ರಿ, ಎಷ್ಟು ಜನ ಕಾರ್ಡ್ ಕೇಳಿದ್ರು, ಅವರು ಕೈಗೆತ್ತಿಕೊಂಡ ಸಾಮಾನಿನ ಬೆಲೆ ಎಷ್ಟು, ಈ ಮೂರನ್ನು ಒಂದು ಚೀಟಿಯಲ್ಲಿ ಬರೆಯಿರಿ. ಮಷಿನ್ ಮಾರೋಕೆ ಬಂದವರ ಮುಂದೆ ಆ ಚೀಟಿ ಇಟ್ಟು, ವರ್ಷದ ಒಟ್ಟು ಖರ್ಚು ರೂಪಾಯಿಯಲ್ಲಿ ಹೇಳಿ ಅನ್ನಿ. ಹೇಳೋಕೆ ತಡವರಿಸಿದರೆ, ಮುಂದಿನವರನ್ನು ಕರೀರಿ.