ಈಮ್ ಗ್ರಾಮದ ಗಡಿಕಲ್ಲು

ಇಂಗ್ಲೆಂಡಿನ ಚರಿತ್ರೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವರು ಅರಸರು, ಮಂತ್ರಿಗಳು, ಸೇನಾಪತಿಗಳು. ಈ ಹೊತ್ತು ನಾನು ಹೇಳಬೇಕೆಂದಿರುವುದು ಇಂಥವರು ಯಾರೂ ಹುಟ್ಟಿ ಬೆಳೆಯದ ಒಂದು ಸಣ್ಣ ಹಳ್ಳಿಯ ಸಂಗತಿ. ಡರ್ಬಿಷೈರ್ ಪ್ರಾಂತದ ಗುಡ್ಡಗಳ ನಡುವೆ ಇರುವ ಆ ಗ್ರಾಮದ ಹೆಸರು ಈಮ್. ಕುರಿ ಸಾಕುವುದು, ಸೀಸದ ಗಣಿಗಳಲ್ಲಿ ದುಡಿಯುವುದು, ಇವು ಅಲ್ಲಿನ ಜನರ ಹಳೆಯ ಕಸುಬುಗಳು.

1665ರಲ್ಲಿ ಲಂಡನ್ ನಗರವು ಪ್ಲೇಗು ಮಾರಿಗೆ ಸಿಕ್ಕಿ ತತ್ತರಿಸುತ್ತಿತ್ತು. ಆ ವರ್ಷ ಈಮ್ ಗ್ರಾಮದ ದರ್ಜಿಯೊಬ್ಬನಿಗೆ ಲಂಡನ್ನಿನಿಂದ ಬಟ್ಟೆಯ ಗಂಟೊಂದು ಬಂದಿತು. ಬಟ್ಟೆ ಒದ್ದೆಯಾಗಿದ್ದುದರಿಂದ ದರ್ಜಿಯ ಸಹಾಯಕನಾದ ಜಾರ್ಜ್ ವಿಕರ್ಸ್ ಎಂಬವನು ಅದನ್ನು ಬೆಂಕಿಯ ಮುಂದೆ ಹರವಿದನಂತೆ. ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿಯೇ ಅವನು ಸತ್ತನು. ಅವನ ಹಿಂದೆ ಅದೇ ಮನೆಯವರು, ಆಮೇಲೆ ನೆರೆಯವರು ಹೋದರು. ಚಳಿಗಾಲದಲ್ಲಿ ತಗ್ಗಿದ ವ್ಯಾಧಿಯು 1666ರ ಬೇಸಗೆಗೆ ಮತ್ತೆ ತಲೆಯೆತ್ತಿತು. ಜನರು ಊರು ಬಿಡಲು ಸಿದ್ಧರಾದರು.

ಆಗ ಊರಿನಲ್ಲಿ ಇಬ್ಬರು ಪಾದ್ರಿಗಳಿದ್ದರು. ಹಿರಿಯನಾದ ತಾಮಸ್ ಸ್ಟಾನ್ಲಿಯು ಸರ್ಕಾರದ ಹೊಸ ಮತನಿಯಮವನ್ನು ಒಪ್ಪದೆ ಅಧಿಕಾರವನ್ನು ಕಳೆದುಕೊಂಡವನು. ಜನರ ಒಲವು ಅವನ ಕಡೆ. ಕಿರಿಯನಾದ ವಿಲಿಯಂ ಮಾಂಪೆಸನ್ ಆ ಪೀಠಕ್ಕೆ ಹೊಸದಾಗಿ ಬಂದವನು. ಒಬ್ಬರನ್ನೊಬ್ಬರು ನೋಡದಿರಲು ಕಾರಣವಿದ್ದ ಈ ಇಬ್ಬರೂ ಒಂದಾಗಿ ಜನರ ಮುಂದೆ ನಿಂತರು. ಊರಿನವರು ಯಾರೂ ಗಡಿಯನ್ನು ದಾಟಕೂಡದು, ವ್ಯಾಧಿಯನ್ನು ನೆರೆಯ ಹಳ್ಳಿಗಳಿಗೆ ಒಯ್ಯಕೂಡದು ಎಂದು ಬೇಡಿಕೊಂಡರು. ಬಹುಮಂದಿ ಒಪ್ಪಿದರು.

ಅಂದಿನಿಂದ ಇಗರ್ಜಿಯ ಬಾಗಿಲು ಮುಚ್ಚಿತು. ಹೊರಗಿನ ಕಣಿವೆಯೊಂದರಲ್ಲಿ ದೂರ ದೂರ ನಿಂತು ಪ್ರಾರ್ಥನೆ ಮಾಡಿದರು. ಸತ್ತವರನ್ನು ಅವರವರ ಮನೆಯವರೇ ತಮ್ಮ ಹಿತ್ತಲಿನಲ್ಲಿಯೋ ಹೊಲದಲ್ಲಿಯೋ ಹೂಳಬೇಕಾಯಿತು. ಡೆವನ್‌ಷೈರ್ ಪ್ರಭುವೂ ನೆರೆಯೂರಿನವರೂ ಆಹಾರವನ್ನು ಗಡಿಗೆ ತಂದಿಟ್ಟು ಹೋಗುತ್ತಿದ್ದರು. ಗಡಿಯಲ್ಲಿ ಕುಳಿ ತೋಡಿದ ಕಲ್ಲೊಂದು ಇಂದಿಗೂ ಉಂಟು. ಆ ಕುಳಿಗಳಲ್ಲಿ ಹುಳಿಯ ದ್ರಾವಕವಾದ ವಿನಿಗರ್ ತುಂಬಿ, ಅದರಲ್ಲಿ ನಾಣ್ಯವನ್ನು ಮುಳುಗಿಸಿಟ್ಟು ಬೆಲೆಯನ್ನು ಸಲ್ಲಿಸಿದರೆಂದು ಹೇಳುವರು.

ಆಗಸ್ಟ್ ತಿಂಗಳು ಅತಿ ಘೋರವಾದುದು. ಎಲಿಜಬೆತ್ ಹ್ಯಾಂಕಾಕ್ ಎಂಬ ತಾಯಿಯು ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣುಮಾಡಿದಳು. ಮಾಂಪೆಸನ್ ತನ್ನ ಮಕ್ಕಳನ್ನು ಮೊದಲೇ ಹೊರಗೆ ಕಳುಹಿಸಿದ್ದನು. ಹೆಂಡತಿ ಕ್ಯಾಥರೀನಳು ಮಾತ್ರ ಅವನನ್ನು ಬಿಟ್ಟು ಹೋಗದೆ ಉಳಿದು, ಅದೇ ತಿಂಗಳಲ್ಲಿ ತೀರಿಕೊಂಡಳು. ನವೆಂಬರಿನಲ್ಲಿ ವ್ಯಾಧಿ ನಿಂತಾಗ 76 ಮನೆತನಗಳಲ್ಲಿ 259 ಮಂದಿ ಸತ್ತಿದ್ದರೆಂದು ಮಾಂಪೆಸನ್ ಬರೆದಿಟ್ಟಿದ್ದಾನೆ. ಆದರೆ ನೆರೆಯ ಊರುಗಳು ಉಳಿದುಕೊಂಡವು.

ಇಲ್ಲಿ ನಾವು ಒಂದು ಕಠಿಣವಾದ ಮಾತನ್ನು ಮರೆಯಬಾರದು. ಪ್ಲೇಗಿನ ಸೂಕ್ಷ್ಮಜೀವಿಯು ಪತ್ತೆಯಾದುದು 1894ರಲ್ಲಿ; ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುವುದೆಂದು ಹೊಳೆದುದು 1898ರಲ್ಲಿ. ಅದೇ 1898ರಲ್ಲಿ ನಮ್ಮ ಬೆಂಗಳೂರಿಗೂ ಪ್ಲೇಗು ಬಂದಿತು. ನಮ್ಮ ಹಿರಿಯರು ಮನೆಗಳಿಗೆ ಬೀಗ ಹಾಕಿ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡರು. ಇಲಿಗಳಿಂದ ದೂರವಾದುದು ಅವರಿಗೆ ರಕ್ಷೆಯಾಯಿತು. ಈಮ್ ಗ್ರಾಮದವರಿಗೆ ಈ ಅರಿವು ಇರಲಿಲ್ಲ. ಗಡಿಯೊಳಗೇ ಬಯಲಿಗೆ ಹೋಗಿ ಗುಡಿಸಲಲ್ಲಿ ಇದ್ದಿದ್ದರೆ ಎಷ್ಟೋ ಜನರು ಬದುಕುತ್ತಿದ್ದರೋ ಏನೋ! ರೋಗಿಗಳೊಡನೆ ಅವೇ ಮನೆಗಳಲ್ಲಿ ಉಳಿದುದರಿಂದ ಒಂದೊಂದು ಕುಟುಂಬವೂ ಒಟ್ಟಿಗೆ ಅಳಿಯಿತು. ನೆರೆಯವರನ್ನು ಉಳಿಸಿದ ನಿರ್ಧಾರವು ತಮ್ಮವರನ್ನು ಉಳಿಸುವ ದಾರಿಯನ್ನು ಅವರಿಗೆ ತೋರಿಸಲಿಲ್ಲ.

ಹಾಗಾದರೆ ಅವರ ತ್ಯಾಗ ವ್ಯರ್ಥವೆ? ಹಾಗೆನ್ನಲಾಗದು. ತಮಗೆ ತಿಳಿದಷ್ಟರ ಮೇಲೆ, ತಾವು ಮುಖವನ್ನೂ ಕಾಣದ ಜನರ ಹಿತಕ್ಕಾಗಿ, ಅವರು ಕೊಟ್ಟ ಮಾತನ್ನು ನಡೆಸಿದರು. ಮುಂದೆ ಮಾಂಪೆಸನ್ ಬೇರೆ ಊರಿಗೆ ಹೋದಾಗ ಅಲ್ಲಿನವರು ರೋಗದ ಭಯದಿಂದ ಅವನನ್ನು ಊರೊಳಗೆ ಸೇರಿಸಲಿಲ್ಲವೆಂದು ಪ್ರತೀತಿ. ಉಪಕಾರ ಮಾಡಿದವನಿಗೆ ಲೋಕವು ಕೊಡುವ ಸಂಬಳ ಎಷ್ಟೋ ವೇಳೆ ಇಷ್ಟೇ.

ಪ್ರತಿವರ್ಷ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಈಮ್ ಗ್ರಾಮದವರು ಅದೇ ಕಣಿವೆಯಲ್ಲಿ ಸೇರಿ ಪ್ರಾರ್ಥಿಸುವ ಪದ್ಧತಿ ಬೆಳೆದುಬಂದಿದೆ. ಆ ಹಳ್ಳಿಯಲ್ಲಿ ಕೋಟೆಯಿಲ್ಲ, ವಿಜಯಸ್ತಂಭವಿಲ್ಲ. ಹೊಲದ ನಡುವೆ ಹ್ಯಾಂಕಾಕ್ ಮನೆತನದ ಏಳು ಗೋರಿಗಳಿವೆ, ಗಡಿಯಲ್ಲಿ ಕುಳಿ ಬಿದ್ದ ಆ ಕಲ್ಲು ಇದೆ.